ಪ್ಲೇಟಿನಲ್ಲಿ ಕಂಡ ಕರಡಿಗೆ

ದೆವ್ವ, ಪವಾಡ ಎಂದು ಯಾರಾದರೂ ಬಾಯಿ ತೆರೆದರೆ ಎದ್ದು ಹೋಗುವ ಪೈಕಿ ನಾನು. ಈಗಲೂ ಹೆಚ್ಚೇನೂ ಬದಲಾಗಿಲ್ಲ. ಶಿರಾಳಕೊಪ್ಪದ ಮಿಡ್ಲ್‌ಸ್ಕೂಲಿನಲ್ಲಿ ವಿಜ್ಞಾನದ ಪಾಠ ಹೇಳುತ್ತಿದ್ದ ಕಾಲದಲ್ಲಂತೂ ನನ್ನ ನಾಲಿಗೆಗೆ ಲಗಾಮೇ ಇರಲಿಲ್ಲ. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎನ್ನುವ ಗಾದೆಯನ್ನು ಹುಡುಗರಿಗೆ ಹೇಳಿ ಹೇಳಿ ಸವೆಸಿದ್ದೆ. ಅಂಥವನು ಇದನ್ನು ಬರೆಯಲು ಕೂತಿದ್ದೇನೆಂದರೆ ನನಗೇ ಮುಜುಗರ. ನಂಬಿ ಎಂದು ನಿಮ್ಮನ್ನು ಕೇಳುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ಅಷ್ಟೆ.

ಐವತ್ತರ ದಶಕದ ಕೊನೆಯ ಮಾತು. ನನ್ನ ಅತ್ತಿಗೆ ಸೊರಬದ ಕಡೆ ಉಳವಿಯವಳು. ನಾನಿನ್ನೂ ಚಡ್ಡಿ ಹಾಕಿಕೊಂಡು ಓಡಾಡುವಾಗ ಮದುವೆಯಾಗಿ ನಮ್ಮ ಮನೆಗೆ ಬಂದಳು. ಅವ್ವ ತೀರಿಕೊಂಡ ಮೇಲೆ ನನಗೆ ಅನ್ನ ಹಾಕಿ, ಬೈದು, ಓದಿಸಿದವಳು ಅವಳೇ. ಆ ವರ್ಷ ಅವಳಿಗೆ ಬಲಪಕ್ಕೆಯಲ್ಲಿ ನೋವು ಶುರುವಾಯಿತು. ಆಗಾಗ ಚಳಿಜ್ವರ, ಬೆಳಿಗ್ಗೆ ಎದ್ದರೆ ಕಣ್ಣಿನ ಕೆಳಗೆ ಬಾವು. ಮನೆಮದ್ದೆಲ್ಲ ಮುಗಿದ ಮೇಲೆ ಶಿಕಾರಿಪುರದ ಡಾಕ್ಟರಿಗೆ ತೋರಿಸಿದೆವು. ಅವರು ಮೂತ್ರಪಿಂಡ ಕೆಟ್ಟಿರುವ ಹಾಗಿದೆ, ಶಿವಮೊಗ್ಗೆಯಲ್ಲಿ ಎಕ್ಸ್‌ರೇ ತೆಗೆಸಿ ಎಂದರು. ಅಣ್ಣ ಭತ್ತದ ವ್ಯಾಪಾರ ಬಿಟ್ಟು ಹೊರಟ. ಓದಿದವನು ಜೊತೆಗಿರಲಿ ಎಂದು ನನ್ನನ್ನೂ ಬಸ್ಸು ಹತ್ತಿಸಿದ. ಎಕ್ಸ್‌ರೇ ಬಗ್ಗೆ ಪಾಠ ಮಾಡಿದ್ದೆನೇ ಹೊರತು ಅದರ ಯಂತ್ರವನ್ನು ನಾನೂ ಅದುವರೆಗೆ ನೋಡಿರಲಿಲ್ಲ.

ಅಲ್ಲಿನ ಸರ್ಜನ್ ನಮಗೆ ಬಿಡಿಸಿ ಹೇಳಿದರು. ಕೈಯ ನರಕ್ಕೆ ಒಂದು ಔಷಧಿ ಚುಚ್ಚುತ್ತಾರೆ. ಚೆನ್ನಾಗಿರುವ ಮೂತ್ರಪಿಂಡ ಅದನ್ನು ಸೆಳೆದುಕೊಂಡು ಎಕ್ಸ್‌ರೇ ಪ್ಲೇಟಿನಲ್ಲಿ ಬೆಳ್ಳಗೆ ಕಾಣುತ್ತದೆ, ಕೆಟ್ಟದ್ದು ಕಾಣುವುದಿಲ್ಲ. ಬಲಗಡೆಯದು ಕೆಟ್ಟು ಎಡಗಡೆಯದು ಚೆನ್ನಾಗಿದ್ದರೆ ಕೆಟ್ಟದ್ದನ್ನು ತೆಗೆದುಹಾಕಬಹುದು, ಮನುಷ್ಯ ಒಂದರಲ್ಲೇ ಬದುಕುತ್ತಾನೆ. ಎರಡೂ ಕೆಟ್ಟಿದ್ದರೆ ಕತ್ತಿ ಮುಟ್ಟಿಸುವಂತಿಲ್ಲ. ಅತ್ತಿಗೆಯ ಜೀವ ಎಡಗಡೆಯ ಮೂತ್ರಪಿಂಡದಲ್ಲಿದೆ ಎಂದು ನಮಗೆ ಅರ್ಥವಾಯಿತು.

ಮಧ್ಯಾಹ್ನ ಅವಳನ್ನು ಒಳಗೆ ಮಲಗಿಸಿದರು. ಮೈಮೇಲಿನ ಲೋಹದ ಸಾಮಾನೆಲ್ಲ ತೆಗೆಯಬೇಕು ಎಂದು ಎಕ್ಸ್‌ರೇ ತೆಗೆಯುವವರು ಹೇಳಿದರು. ಬಳೆ, ತಾಳಿ ಎಲ್ಲ ಬಿಚ್ಚಿ ಕೊಟ್ಟಳು. ಲಿಂಗವನ್ನಿಟ್ಟು ಕೊರಳಿಗೆ ಕಟ್ಟಿಕೊಂಡಿದ್ದ ಕರಡಿಗೆಗೆ ಬಂದಾಗ ಮಾತ್ರ ಕೈ ಅಡ್ಡ ಹಿಡಿದಳು. ನಮ್ಮಲ್ಲಿ ಹುಟ್ಟಿದ ಕೂಸಿಗೆ ಕಟ್ಟಿದ ಲಿಂಗ ಮಣ್ಣಿಗೆ ಹೋಗುವತನಕ ಮೈ ಬಿಡಬಾರದು. ನಾನು ಅದನ್ನು ಕಾಲೇಜಿನಲ್ಲೇ ಬಿಟ್ಟಿದ್ದೆ, ಅದಕ್ಕೆ ಅವಳಿಂದ ತಿಂದ ಬೈಗುಳಕ್ಕೆ ಲೆಕ್ಕವಿಲ್ಲ. ಎಷ್ಟು ಹೇಳಿದರೂ ಅವಳು ಜಗ್ಗಲಿಲ್ಲ. ಕೊನೆಗೆ ಒಂದು ಒಪ್ಪಂದವಾಯಿತು. ಪೂಜೆಗೆ ಹಿಡಿಯುವ ಹಾಗೆ ಆ ಬೆಳ್ಳಿಯ ಕರಡಿಗೆಯನ್ನು ಎಡಗೈಯಲ್ಲಿ ಹಿಡಿದು ತಲೆಯ ಆಚೆಗೆ ಚಾಚಿಕೊಳ್ಳುವುದು. ಕೈ ನಡುಗಿ ಹೊಟ್ಟೆಯ ಮೇಲೆ ಬರಬಾರದೆಂದು ನನಗೆ ಕಿರಣ ತಾಗದಂತೆ ಒಂದು ಸೀಸದ ಅಂಗಿ ತೊಡಿಸಿ, ತಲೆಯ ಕಡೆ ನಿಲ್ಲಿಸಿ, ಅವಳ ಮಣಿಕಟ್ಟನ್ನು ಹಿಡಿದುಕೊಳ್ಳಲು ಹೇಳಿದರು.

ಔಷಧಿ ಕೊಡುವ ಮುಂಚೆ ಒಂದು ಪ್ಲೇಟು ತೆಗೆದರು. ಅದು ಸ್ವಚ್ಛವಾಗಿತ್ತು. ಕಲ್ಲಿಲ್ಲ, ಬೇರೆ ಏನೂ ಇಲ್ಲ ಎಂದರು. ಆಮೇಲೆ ಔಷಧಿ ಚುಚ್ಚಿ ಇನ್ನೊಂದು ತೆಗೆದರು. ಅದನ್ನು ಕತ್ತಲೆಕೋಣೆಯಲ್ಲಿ ತೊಳೆದುಕೊಂಡು ಬಂದವರೇ ನನ್ನ ಮೇಲೆ ರೇಗಿದರು. ಕೈ ಯಾಕ್ರೀ ಬಿಟ್ರಿ ಎಂದರು. ಬಿಟ್ಟಿರಲಿಲ್ಲ. ಅತ್ತಿಗೆಯ ಕೈ ಆಗಲೂ ನನ್ನ ಹಿಡಿತದಲ್ಲೇ ಇತ್ತು, ಕರಡಿಗೆ ಅವಳ ಅಂಗೈಯಲ್ಲೇ ಇತ್ತು. ಅವರೂ ನೋಡಿದರು. ಒಳಗೆ ಹೋಗಿ ಮತ್ತೊಂದು ಖಾಲಿ ಪ್ಲೇಟು ತಂದು ಮತ್ತೆ ತೆಗೆದರು. ಈ ಸಲ ನಾನು ಅವಳ ಕೈಯಿಂದ ಕಣ್ಣು ಕೀಳಲಿಲ್ಲ.

ಈ ಪ್ಲೇಟಿನಲ್ಲೂ ಹಿಂದಿನದರ ಹಾಗೆಯೇ ಬಂದಿತ್ತು. ಸರ್ಜನ್ ಅದನ್ನು ಕಿಟಕಿಯ ಬೆಳಕಿಗೆ ಹಿಡಿದಾಗ ನಾನೂ ಕಂಡೆ. ಬಲಗಡೆ ಏನೂ ಇರಲಿಲ್ಲ, ಆ ಮೂತ್ರಪಿಂಡ ಸತ್ತಂತೆಯೇ. ಎಡಗಡೆ, ಔಷಧಿ ತುಂಬಿ ಕಾಣಬೇಕಾದ ನಡುಭಾಗದ ಮೇಲೆ, ಅದನ್ನು ಪೂರ್ತಿ ಮುಚ್ಚಿದ ದಟ್ಟ ಬಿಳಿಯ ಒಂದು ಗುಂಡು ಆಕಾರ. ಅದರ ಎರಡು ಬದಿಗೆ ದಾರ ಪೋಣಿಸುವ ಎರಡು ಪುಟ್ಟ ಕಿವಿ. ದಿನಾ ಬೆಳಿಗ್ಗೆ ಅತ್ತಿಗೆಯ ಎದೆಯ ಮೇಲೆ ನೋಡಿದ ವಸ್ತುವನ್ನು ನಾನು ಗುರುತಿಸದೆ ಇರುತ್ತೇನೆಯೇ? ನನಗೆ ಹೆದರಿಕೆಯಾಯಿತು.

ಅಷ್ಟರಲ್ಲಿ ಔಷಧಿ ಒಗ್ಗದೆ ಅತ್ತಿಗೆಗೆ ವಾಂತಿ, ನಡುಕ ಹತ್ತಿಕೊಂಡಿತು. ಇನ್ನು ಪ್ಲೇಟು ತೆಗೆಯುವ ಮಾತೇ ಇರಲಿಲ್ಲ. ಸರ್ಜನ್ ಅಣ್ಣನನ್ನು ಕರೆದು ನಿಧಾನವಾಗಿ ಹೇಳಿದರು: "ಎಡಗಡೇದು ಸರಿ ಇದೆ ಅಂತ ಕಣ್ಣಲ್ಲಿ ನೋಡದೆ ನಾನು ಬಲಗಡೇದನ್ನ ತೆಗೆಯೋಕಾಗಲ್ಲ ಕಣ್ರೀ." ಸುಧಾರಿಸಿಕೊಂಡ ಮೇಲೆ ಮತ್ತೆ ಕರೆತನ್ನಿ ಎಂದರು. ಪ್ಲೇಟಿನಲ್ಲಿ ಬಂದದ್ದೇನು ಎಂದು ನಾನು ಕೇಳಿದೆ. ಅವರು ಪ್ಲೇಟನ್ನು ಲಕೋಟೆಗೆ ಹಾಕಿ ಮುಂದಿನ ರೋಗಿಯನ್ನು ಕರೆದರು.

ಊರಿಗೆ ಬಂದ ಮೇಲೆ ಅಣ್ಣ ಇದನ್ನು ಕಂಡವರಿಗೆಲ್ಲ ಹೇಳಿದ. ಶಿವನೇ ಅಡ್ಡ ನಿಂತು ಕತ್ತಿಯಿಂದ ಉಳಿಸಿದ ಎಂದು ಅವನ ನಂಬಿಕೆ. ನಾನು ಮತ್ತೆ ಹೋಗೋಣ ಎಂದು ಅತ್ತಿಗೆಯ ಕಾಲು ಹಿಡಿದುಕೊಂಡೆ. ಬೇರೆ ಔಷಧಿ ಇರಬಹುದು, ಬೇರೆ ಆಸ್ಪತ್ರೆ ಇದೆ ಎಂದೆ. ಅತ್ತುಬಿಟ್ಟೆ ಕೂಡ. ಅವಳು ನನ್ನ ತಲೆ ಸವರಿದಳು.

"ಬ್ಯಾಡ ತಮ್ಮಾ. ಅದು ಒಂದ್ಸಲ ಬ್ಯಾಡ ಅಂದದೆ. ಮತ್ತೆ ಕೇಳ್ಬಾರ್ದು."

ಭತ್ತದ ಕೊಯ್ಲು ಶುರುವಾಗುವ ಹೊತ್ತಿಗೆ ಜ್ವರ ನೆತ್ತಿಗೇರಿ ಅವಳು ಹೋದಳು.

ಎಡಗಡೆಯದು ಚೆನ್ನಾಗಿತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಪ್ಲೇಟಿನಲ್ಲಿ ಚೆನ್ನಾಗಿ ಕಂಡು ಒಳಗೆ ಅದೂ ಕೆಟ್ಟಿದ್ದರೆ, ಬಲಗಡೆಯದನ್ನು ತೆಗೆದ ಕೆಲವೇ ದಿನಕ್ಕೆ ಅವಳು ಸಾಯುತ್ತಿದ್ದಳು, ಆ ಕೆಲವು ತಿಂಗಳಾದರೂ ಸಿಕ್ಕವು ಎನ್ನಬಹುದು. ಚೆನ್ನಾಗಿದ್ದರೆ? ಅದನ್ನು ಯೋಚಿಸಲು ನನಗೆ ಇಷ್ಟವಿಲ್ಲ. ಶಿವಗಣಾರಾಧನೆ ಮುಗಿದು ನೆಂಟರೆಲ್ಲ ಹೋದ ಮೇಲೆ ಅಣ್ಣ ಜಗುಲಿಗೆ ಬಂದು ನನ್ನ ಪಕ್ಕ ಕೂತ.

"ತಮ್ಮಾ, ನೀ ಓದಿದವ, ಹೇಳು. ಅದು ಅವಳ್ನ ಕಾಯಾಕ ಅಡ್ಡ ಬಂದಿತ್ತೋ, ಕೊಲ್ಲಾಕ ಬಂದಿತ್ತೋ?"

ಅದು ಯಂತ್ರದ ತಪ್ಪು ಎಂದುಬಿಟ್ಟಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು. ನನ್ನ ಬಾಯಲ್ಲಿ ಅಂಥ ಮಾತಿಗೇನು ಬರವೇ? ಆದರೆ ಅವಳ ಮಣಿಕಟ್ಟು ನನ್ನ ಕೈಯಲ್ಲೇ ಇತ್ತಲ್ಲ. ಗೊತ್ತಿಲ್ಲ ಅಣ್ಣ ಎಂದೆ.

ಅವನು ಮತ್ತೆಂದೂ ಕೇಳಲಿಲ್ಲ, ಸಾಯುವತನಕ ಪೂಜೆಯನ್ನೂ ಬಿಡಲಿಲ್ಲ. ಆದರೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ಕೂತವನು ತನ್ನ ಕರಡಿಗೆಯ ಮುಚ್ಚಳಕ್ಕೆ ಬೆರಳು ತಂದು, ಅದನ್ನು ತೆರೆಯದೆ ಬಹಳ ಹೊತ್ತು ಹಾಗೆಯೇ ಕೂತಿರುತ್ತಿದ್ದ.