ಕರೆಂಟ್ ಹೋದರೂ ನಿಲ್ಲದ ಗುಂಯ್

ದೆವ್ವ, ಗಾಳಿ ಅಂತ ಯಾರಾದರೂ ಬಾಯಿ ತೆಗೆದರೆ, ಮೊದಲು ವೈರ್ ನೋಡಿ ಎನ್ನುತ್ತಿದ್ದವನು ನಾನು. ಧರ್ಮಪುರದಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತೇನೆ. ಮನೆಯ ಒಂದು ರೂಮಿನಲ್ಲಿ ಹಾಡು ರೆಕಾರ್ಡ್ ಮಾಡುತ್ತೇನೆ. ಎಂಟನೇ ಕ್ಲಾಸಿಗೇ ಸ್ಕೂಲು ಬಿಟ್ಟೆ. ಸ್ಪೀಕರಿನೊಳಗೆ ಯಾರೋ ನರಳುತ್ತಾರೆ ಎಂದು ಹೆದರಿ ಕರೆದವರ ಮನೆಗೆ ಹೋಗಿ, ಸಡಿಲಾದ ಪಿನ್ ಒತ್ತಿ ಬಂದಿದ್ದೇನೆ. ಹಾಗಾಗಿ ಇದನ್ನು ಬರೆಯಲು ನನಗೇ ಸಿಟ್ಟು ಬರುತ್ತದೆ. ನಂಬಿದರೆ ನಂಬಿ, ಬಿಟ್ಟರೆ ಬಿಡಿ.

ನಾಗಣ್ಣ ನನ್ನ ಸೋದರಮಾವ. ಇಪ್ಪತ್ತು ವರ್ಷ ಆರ್ಕೆಸ್ಟ್ರಾದಲ್ಲಿ ಬಾಸ್ ಗಿಟಾರ್ ನುಡಿಸಿದವರು. ಎಲ್ಲ ಬೇರೆಯವರ ಹಾಡು. ತಾವೇ ಕಟ್ಟಿದ್ದು ಒಂದೇ ಒಂದು. ಅದರ ಹಾರ್ಮೋನಿಯಂ, ಹಾಡುವ ದನಿ ಮೊದಲೇ ರೆಕಾರ್ಡ್ ಆಗಿತ್ತು, ಬಾಸ್ ಬಾಕಿ. ಅಷ್ಟರಲ್ಲಿ ಶೇಂಗಾ ಬಿಡಿಸುವ ಮೆಷಿನ್ನಿಗೆ ಅವರ ಎಡಗೈ ಉಂಗುರದ ಬೆರಳು ಸಿಕ್ಕಿತು. ಸಕ್ಕರೆ ಕಾಯಿಲೆ, ಗಾಯ ಮಾಯಲಿಲ್ಲ, ಬೆರಳು ಕಪ್ಪಾಯಿತು. ಸೋಮವಾರ ಚಿತ್ರದುರ್ಗಕ್ಕೆ ಬನ್ನಿ, ತೆಗೆಯಬೇಕು ಎಂದರು ಡಾಕ್ಟರು. ಭಾನುವಾರ ಬೆಳಗ್ಗೆ ಮಾವ ಹಿರಿಯೂರಿನಿಂದ ಮೊದಲ ಬಸ್ಸಿಗೆ ಗಿಟಾರ್ ಹೊತ್ತು ಬಂದರು. ಮೂರು ಸಲ ನುಡಿಸಬಲ್ಲೆ, ನಾಲ್ಕನೇ ಸಲಕ್ಕೆ ಬೆರಳು ಕೇಳುವುದಿಲ್ಲ ಎಂದರು.

ಮೊದಲು ಲೆವೆಲ್ ಇಡಬೇಕು, ಅಂದರೆ ಸದ್ದು ಎಷ್ಟು ಜೋರಾಗಿ ಒಳಗೆ ಬರಬೇಕು ಅನ್ನೋದು. ಜೋರಾಗಿ ಹೊಡೀರಿ ಮಾವ ಎಂದರೆ ಮೆಲ್ಲಗೆ ಹೊಡೆಯುತ್ತಾರೆ. ಅದಕ್ಕೆ ತಕ್ಕಂತೆ ಇಟ್ಟರೆ, ಹಾಡು ಶುರುವಾದಾಗ ಮೈಮರೆತು ಬಾರಿಸಿ, ಸದ್ದು ಒಡೆಯುವಷ್ಟು ಏರಿಸಿ ಕೆಂಪು ದೀಪ ಹತ್ತಿಸುತ್ತಾರೆ. ಬಾಸ್ ನುಡಿಸುವವರೆಲ್ಲ ಹೀಗೇ. ತೀರಾ ಕಡಿಮೆ ಇಟ್ಟು ಆಮೇಲೆ ಏರಿಸಿದರೆ ಬೇಡದ ಸದ್ದೂ ಜೊತೆಗೇ ಏರುತ್ತದೆ. ಹೇಗೋ ಲೆವೆಲ್ ಕೂತಿತು. ಆದರೆ ಹೆಡ್‌ಫೋನಿನಲ್ಲಿ ಒಂದು ಗುಂಯ್.

ಟ್ಯೂಬ್‌ಲೈಟ್ ಆರಿಸಿದೆ. ಫ್ರಿಜ್ಜಿನ ಪ್ಲಗ್ ಕಿತ್ತೆ. ಮೊಬೈಲುಗಳನ್ನು ಹೊರಗಿಟ್ಟೆ. ಹೋಗಲಿಲ್ಲ. ನಮ್ಮ ಕಡೆ ನೆಲ ಒಣಗಿ ಅರ್ಥಿಂಗ್ ಹಿಡಿಯುವುದಿಲ್ಲ. ಅರ್ಥ್ ವೈರ್ ಇಳಿಸಿದ ಗುಂಡಿಗೆ ಉಪ್ಪುನೀರು ಹುಯ್ದರೆ ಎಷ್ಟೋ ಸಲ ಸರಿಹೋಗುತ್ತದೆ. ಎರಡು ಕೊಡ ಹುಯ್ದೆ. ಅವ್ವ ಬಾಗಿಲಿಗೆ ಬಂದಳು.

“ಲೇ, ನಲ್ಲೀಲಿ ನೀರು ಬಂದು ನಾಕು ದಿನ ಆತು. ಕುಡಿಯೋ ನೀರು ಗುಂಡಿಗೆ ಹುಯ್ತೀಯಲ್ಲೋ, ಅಲ್ಲೇನು ತೆಂಗಿನ ಸಸಿ ನೆಟ್ಟಿದೀಯ?”

ಗುಂಯ್ ಇದ್ದಲ್ಲೇ ಇತ್ತು. ಹನ್ನೊಂದಕ್ಕೆ ಇಡೀ ಊರಿನ ಕರೆಂಟ್ ಹೋಯಿತು. ಒಳ್ಳೆಯದೇ ಆಯಿತು ಎಂದುಕೊಂಡೆ. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಓಡುತ್ತದೆ, ರೆಕಾರ್ಡಿಂಗ್ ಡಬ್ಬಿ ಅದರಿಂದಲೇ ಓಡುತ್ತದೆ. ಕರೆಂಟೇ ಇಲ್ಲದ ಮೇಲೆ ಗುಂಯ್ ಎಲ್ಲಿಂದ? ಹೆಡ್‌ಫೋನ್ ಹಾಕಿಕೊಂಡೆ. ಇತ್ತು. ಗಿಟಾರಿನ ವೈರ್ ಕಿತ್ತು ನೆಲಕ್ಕೆ ಬಿಸಾಕಿದೆ. ಆಗಲೂ ಇತ್ತು. ಸ್ಕ್ರೀನಿನಲ್ಲಿ ಲೆವೆಲ್ ತೋರಿಸುವ ಪಟ್ಟಿ ಸೊನ್ನೆಗೆ ಇಳಿಯದೆ, ಅಲುಗದೆ ಅರ್ಧಕ್ಕೆ ಎದ್ದು ನಿಂತಿತ್ತು. ನನ್ನ ಕಿವಿಯೇ ಕೆಟ್ಟಿತೇನೋ ಎಂದು ಅವ್ವನ ತಲೆಗೆ ಹೆಡ್‌ಫೋನ್ ಹಾಕಿದೆ.

“ಜೇನು ಎದ್ದಂಗೆ ಗುಂಯ್ ಅಂತೈತೆ. ಇದಕ್ಕಾ ನನ್ನ ಎಲ್ಡು ಕೊಡ ನೀರು ಹೋಗಿದ್ದು?”

ಮಾವ ಹೆಡ್‌ಫೋನ್ ಇಸಿದುಕೊಂಡು, ಕಣ್ಣು ಮುಚ್ಚಿ, ಗಿಟಾರಿನ ಬಿರಡೆ ತಿರುಗಿಸತೊಡಗಿದರು.

“ಏನ್ ಮಾಡ್ತಿದೀರಿ ಮಾವ?”

“ಇದು ಕದಲಂಗೆ ಕಾಣಲ್ಲ. ಇದನ್ನೇ ಶ್ರುತಿ ಮಾಡ್ಕಂತೀನಿ.”

“ಹಾರ್ಮೋನಿಯಂಗೆ ಕೂಡಲ್ಲ ಮಾವ!”

“ನಾಳೆ ಬೆರಳೇ ಇರಲ್ಲ ಕಣಪ್ಪ. ನಿನ್ನ ಗುಂಯ್ ಹೋಗಾತಂಕ ಕುಂತ್ಕಂಡಿರ್ಲಾ? ವೈರ್ ಚುಚ್ಚು.”

ಚುಚ್ಚಿದೆ. ಮೂರು ಸಲ ನುಡಿಸಿದರು. ಮೂರನೆಯದು ಚೆನ್ನಾಗಿ ಬಂತು. ಬೆರಳಿನ ಬಟ್ಟೆ ಒದ್ದೆಯಾಗಿತ್ತು. ಮಾರನೆಯ ದಿನ ಚಿತ್ರದುರ್ಗದಲ್ಲಿ ಬೆರಳು ತೆಗೆದರು.

ಬುಧವಾರ ಆ ಗುಂಯ್ ತೆಗೆಯಲು ಕೂತೆ. ಬಾಸ್ ಇಲ್ಲದ ಖಾಲಿ ಜಾಗ ಆರಿಸಿ, ಇದೇ ಕಸ ಎಂದು ಸಾಫ್ಟ್‌ವೇರ್‌ಗೆ ತೋರಿಸಿದರೆ, ಅಂಥದ್ದನ್ನೆಲ್ಲ ಅದು ಗುಡಿಸುತ್ತದೆ. ಖಾಲಿ ಜಾಗದಲ್ಲಿ ಏನೂ ಇರಲಿಲ್ಲ. ಸ್ಕ್ರೀನಿನಲ್ಲಿ ನೆಟ್ಟಗೆ ಎಳೆದ ಗೆರೆ. ವಾಲ್ಯೂಮ್ ಪೂರ್ತಿ ಏರಿಸಿದೆ. ನಿಶ್ಶಬ್ದ. ಕರೆಂಟ್ ಹೋಗುವ ಮೊದಲಿನ ಟೆಸ್ಟ್‌ಗಳಲ್ಲೂ ಇಲ್ಲ. ಹೆಡ್‌ಫೋನ್ ಕೆಟ್ಟಿತ್ತು ಅನ್ನೋಣವೆಂದರೆ, ಪಟ್ಟಿ ಎದ್ದು ನಿಂತದ್ದನ್ನು ಕಣ್ಣಲ್ಲಿ ಕಂಡಿದ್ದೇನೆ. ಚಿತ್ರದುರ್ಗದಲ್ಲಿ ಇದೇ ಕೆಲಸ ಮಾಡುವ ಒಬ್ಬರಿಗೆ ಹೇಳಿದೆ. “ಬಿಸಿಲಿಗೆ ತಲೆ ಕಾದಿತ್ತೇನಪ್ಪ?” ಎಂದು ನಕ್ಕರು.

ಆದರೆ ಬಾಸ್ ಹಾರ್ಮೋನಿಯಂಗೆ ಕೂಡುತ್ತಿಲ್ಲ. ಹಾರ್ಮೋನಿಯಂನ ಎರಡು ಸ್ವರಗಳ ನಡುವೆ ಎಲ್ಲೋ ನಿಂತಿದೆ, ಮೂರು ಸಲವೂ ಕೂದಲೆಳೆ ಆಚೀಚೆ ಇಲ್ಲದೆ ಅಲ್ಲೇ. ಇಪ್ಪತ್ತು ವರ್ಷ ನುಡಿಸಿದ ಕೈ ಸುಮ್ಮನೆ ಅಲ್ಲಿ ಹೋಗಿ ನಿಲ್ಲುವುದಿಲ್ಲ. ಏನನ್ನೋ ಕೇಳಿಕೊಂಡೇ ನಿಂತಿದೆ.

ಸಾಫ್ಟ್‌ವೇರಿನಲ್ಲಿ ಬಾಸಿನ ಶ್ರುತಿ ಇಳಿಸಿ ಹಾರ್ಮೋನಿಯಂಗೆ ಕೂಡಿಸುವುದು ಅರ್ಧ ಗಂಟೆಯ ಕೆಲಸ. ಒಂದು ವರ್ಷವಾಯಿತು, ಮಾಡಿಲ್ಲ. ಇಳಿಸಿದರೆ ಆ ದಿನದ ಗುರುತು ಒಂದೂ ಉಳಿಯುವುದಿಲ್ಲ. ಆಮೇಲೆ ನನ್ನ ತಲೆ ಕಾದಿತ್ತು ಎಂದು ನಾನೇ ಒಪ್ಪಬೇಕಾಗುತ್ತದೆ. ಇಳಿಸದಿದ್ದರೆ ಮಾವನ ಹಾಡು ಮುಗಿಯುವುದಿಲ್ಲ. ಅವರು ತಿಂಗಳಿಗೊಮ್ಮೆ ಫೋನ್ ಮಾಡುತ್ತಾರೆ.

“ಹಾಡು ಎಲ್ಲಿಗೆ ಬಂತೋ?”

“ಇನ್ನೊಂದ್ ಸ್ವಲ್ಪ ಮಾವ. ಆ ಗುಂಯ್ ತೆಗಿತಾ ಇದೀನಿ.”