ಕಾಗೆಗಿಟ್ಟ ಎಡೆ, ಫಸಾನಿನ ಗೂಡು

ಸಿರಿ, ಧ್ರುವ, ಇದನ್ನು ನಿಮಗಾಗಿ ಬರೆಯುತ್ತಿದ್ದೇನೆ. ಹೋದ ಪಿತೃಪಕ್ಷದಲ್ಲಿ ನಾವು ಮೂವರೂ ಬಸ್ಸಿನಲ್ಲಿ ಊರಾಚೆ ಹೋಗಿ, ಆ ರೈತನ ಹಸುಗಳಿಗೆ ಕ್ಯಾರೆಟ್ ಕೊಟ್ಟು ಬಂದೆವಲ್ಲ, ಆಗ ಧ್ರುವ ಕೇಳಿದ: "ಅಜ್ಜಿ, ತಾತನಿಗೆ ಕ್ಯಾರೆಟ್ ಇಷ್ಟ ಇತ್ತಾ?" ಇರಲಿಲ್ಲ. ಅಡುಗೆ ಮಾಡಿದ್ದನ್ನು ದನಗಳಿಗೆ ಹಾಕಬಾರದೆಂದು ಇಲ್ಲಿ ಸ್ವೀಡಿಷ್ ಸರ್ಕಾರದ ನಿಯಮವಿದೆ, ಅದಕ್ಕೇ ಕ್ಯಾರೆಟ್. ತಾತನ ಹೆಸರಿನಲ್ಲಿ ಹಸುವನ್ನು ಹುಡುಕಿಕೊಂಡು ಅಷ್ಟು ದೂರ ಏಕೆ ಹೋಗುತ್ತೇವೆ ಎಂಬುದಕ್ಕೆ ಅವತ್ತು ನಾನು ಉತ್ತರ ಹೇಳಲಿಲ್ಲ. ಎದುರಿಗೆ ಕೂತು ಹೇಳಲು ನನಗೆ ಮೊದಲಿಂದಲೂ ಬಾಯಿ ಬರುವುದಿಲ್ಲ. ಶಿರಾ ಕಡೆಯ ನಮ್ಮೂರಿನ ಶಾಲೆಯಲ್ಲಿ ಏಳನೇ ತರಗತಿವರೆಗೆ ಓದಿದವಳು ನಾನು. ತಪ್ಪಿದ್ದರೆ ನಿಮ್ಮಮ್ಮ ತಿದ್ದಿಕೊಂಡು ಓದಿ ಹೇಳಲಿ.

ಸಿರಿ ಹುಟ್ಟುವುದಕ್ಕೆ ನಾಲ್ಕು ವರ್ಷ ಮೊದಲು ನಾನು ಓರೆಬ್ರೂ ಹೊರಗಿನ ಒಂದು ಜಮೀನಿನಲ್ಲಿ ಫಸಾನ್ ಸಾಕುವ ಕೆಲಸಕ್ಕೆ ಸೇರಿದೆ. ಇಂಗ್ಲಿಷಿನಲ್ಲಿ ಇದನ್ನು ಫೆಸೆಂಟ್ ಎನ್ನುತ್ತಾರೆ. ನಮ್ಮ ಕಾಡುಕೋಳಿಯ ಜಾತಿಗೆ ಹತ್ತಿರದ ಹಕ್ಕಿ. ಹುಂಜಕ್ಕೆ ಉದ್ದ ಬಾಲ, ತಾಮ್ರದ ಮೈ, ಕೆಂಪು ಕೆನ್ನೆ. ಹೇಂಟೆಯದು ಒಣಹುಲ್ಲಿನ ಬಣ್ಣ. ನಿಮ್ಮ ತಾತ ಓರೆಬ್ರೂ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸದಲ್ಲಿದ್ದವರು. ಅದರ ಹಿಂದಿನ ಚಳಿಗಾಲ ಹೃದಯಾಘಾತವಾಗಿ ತೀರಿಕೊಂಡರು. ನಿಮ್ಮಮ್ಮ ರಶ್ಮಿ ಆಗ ಕಾರ್ಲ್‌ಸ್ಟಾಡ್‌ನಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ಉದ್ಯೋಗ ಕಚೇರಿಯಲ್ಲಿ ಒಬ್ಬ ಹೆಂಗಸು ನನಗೆ ಯಾವ ಕೆಲಸ ಬರುತ್ತದೆ ಎಂದು ಕೇಳಿದಳು. ಕೋಳಿ ಸಾಕಿದ್ದೇನೆ ಎಂದೆ. ಅವಳು ನಗಲಿಲ್ಲ, ಫೋನ್ ಎತ್ತಿಕೊಂಡಳು.

ಆ ಜಮೀನಿನವರ ಹೆಸರು ರೂನೆ. ಎಪ್ಪತ್ತು ದಾಟಿದ, ಮಂಡಿನೋವಿಗೆ ಕುಂಟುತ್ತ ನಡೆಯುವ ಎತ್ತರದ ಮನುಷ್ಯ. ಮೊದಲ ದಿನ ನನಗೊಂದು ಜೊತೆ ರಬ್ಬರ್ ಬೂಟು ಕೊಟ್ಟು, "ಒಳ್ಳೇದಾಯ್ತು. ನೀನೂ ಮಾತಾಡಲ್ಲ, ನಾನೂ ಮಾತಾಡಲ್ಲ. ಹಕ್ಕಿಗಳು ನೆಮ್ಮದಿಯಾಗಿರುತ್ತವೆ," ಎಂದರು. ಅದು ತಮಾಷೆಯೆಂದು ನನಗೆ ಹೊಳೆದಾಗ ಮಧ್ಯಾಹ್ನವಾಗಿತ್ತು. ಇಲ್ಲಿ ಎಲ್ಲರೂ ಎಲ್ಲರನ್ನೂ ಹೆಸರು ಹಿಡಿದು, ನೀನು ಎಂದೇ ಮಾತಾಡಿಸುತ್ತಾರೆ. ಅಷ್ಟು ವಯಸ್ಸಾದವರನ್ನು ಹಾಗೆ ಕರೆಯಲು ನನಗೆ ನಾಲಿಗೆ ಹೊರಳಲಿಲ್ಲ. ಆದ್ದರಿಂದ ಅಲ್ಲಿದ್ದಷ್ಟು ದಿನವೂ ಅವರನ್ನು ಏನೆಂದೂ ಕರೆಯಲಿಲ್ಲ. ಮಾತಾಡಬೇಕಾದಾಗ ಹತ್ತಿರ ಹೋಗಿ ನಿಲ್ಲುತ್ತಿದ್ದೆ. ಅವರು ನನ್ನನ್ನು ಜಯಾ ಎನ್ನುತ್ತಿದ್ದರು.

ಫಸಾನ್ ಸಾಕುವವರಲ್ಲಿ ಹೆಚ್ಚಿನವರು ಬೇಟೆಗೆಂದು ಸಾಕುತ್ತಾರೆ. ರೂನೆ ಬೇಟೆ ಬಿಟ್ಟು ಬಹಳ ಕಾಲವಾಗಿತ್ತು. ಅವರು ಹುಡುಗರಾಗಿದ್ದಾಗ ಆ ಹೊಲದ ಬದುಗಳಲ್ಲಿ ಫಸಾನ್‌ಗಳು ತಾವಾಗಿಯೇ ಮರಿಮಾಡಿಕೊಂಡು ತಿರುಗುತ್ತಿದ್ದವಂತೆ. ಆಮೇಲೆ ಬದುಗಳೆಲ್ಲ ಉಳುಮೆಗೆ ಹೋದವು, ಒಂದೆರಡು ಕೆಟ್ಟ ಚಳಿಗಾಲ ಬಂದವು, ಹಕ್ಕಿಗಳು ಇಲ್ಲವಾದವು. ಅವರು ವರ್ಷವರ್ಷವೂ ಮರಿ ಸಾಕಿ ಬಿಡುತ್ತಿದ್ದರು, ವರ್ಷವರ್ಷವೂ ಅವು ಕರಗಿಹೋಗುತ್ತಿದ್ದವು. ತಾಯಿ ಫಸಾನೊಂದು ತಾನೇ ಕಾವು ಕೊಟ್ಟು ಒಡೆಸಿದ ಮರಿಗಳನ್ನು ಹುಲ್ಲಿನಲ್ಲಿ ನಡೆಸಿಕೊಂಡು ಹೋಗುವುದನ್ನು ಇನ್ನೊಂದು ಸಲ ನೋಡಬೇಕೆಂಬುದು ಅವರ ಆಸೆ. ಅದಕ್ಕೆ ಕಾಲವೂ ಉಳಿದಿರಲಿಲ್ಲ. ಮುಂದಿನ ವರ್ಷ ಜಮೀನು ಅವರ ತಂಗಿಯ ಮಗನ ಕೈಗೆ ಹೋಗುವುದಿತ್ತು. ಅವನು ಹಸು ಸಾಕುವವನು. "ತಾವಾಗಿಯೇ ಬದುಕಿಕೊಂಡರೆ ಇರಲಿ ಮಾವ, ನಾನಂತೂ ಮರಿಗಳಿಗೆ ದಾದಿ ಆಗಲ್ಲ," ಎಂದು ನನ್ನೆದುರಿಗೇ ಹೇಳಿದ್ದ. ಹಾಗಾಗಿ ನಾನು ಸೇರಿದ ವರ್ಷದ ಮರಿಗಳೇ ಕೊನೆಯವು.

ಮೊಟ್ಟೆಗಳನ್ನು ಇನ್‌ಕ್ಯುಬೇಟರಿನಲ್ಲಿ, ಅಂದರೆ ಕಾವು ಕೊಡುವ ಪೆಟ್ಟಿಗೆಯಲ್ಲಿ ಇಡುತ್ತಿದ್ದೆವು. ಮರಿಗಳಿಗೆ ಮೊದಲು ಬಿಸಿದೀಪದ ಕೆಳಗೆ ಜಾಗ, ಗರಿ ಬಂದ ಮೇಲೆ ಕಾಡಿನಂಚಿನ ಬಲೆಯ ಆವರಣ. ಅದಕ್ಕೆ ಮೇಲೆ ಮುಚ್ಚಿಗೆಯಿಲ್ಲ. ಒಂದು ಪಕ್ಕದ ರೆಕ್ಕೆಗರಿ ಕತ್ತರಿಸಿರುತ್ತೇವೆ. ಅದು ಮತ್ತೆ ಬೆಳೆಯುವಷ್ಟರಲ್ಲಿ ಹಕ್ಕಿಗೆ ಜಾಗ ಪರಿಚಯವಾಗಿ, ತಾನೇ ಹಾರಿ ಹೊರಗೆ ಹೋಗುತ್ತದೆ. ಹೆದರಿದರೆ ನುಸುಳಿ ಒಳಗೆ ಬರಲು ಕೆಳಗೆ ಕಿಂಡಿ ಇರುತ್ತದೆ. ಗೋಧಿ ತುಂಬಿದ ಡ್ರಮ್ಮುಗಳನ್ನು ವಾರವಾರವೂ ಇನ್ನಷ್ಟು ದೂರಕ್ಕೆ ಸರಿಸುತ್ತೇವೆ. ಹಕ್ಕಿ ನಮ್ಮನ್ನು ಮರೆತರೆ ಕೆಲಸ ಕೈಗೂಡಿದಂತೆ. ಊರಲ್ಲಿ ನಾನು ಕೋಳಿಗಳನ್ನು ಕೂಗಿ ಕರೆದು ಮಂಕರಿ ಮುಚ್ಚುತ್ತಿದ್ದವಳು, ಇಲ್ಲಿ ಬಾಯಿಮುಚ್ಚಿಕೊಂಡು ಕಾಳು ಸುರಿದು ಬರಬೇಕಾಗಿತ್ತು.

ನಾನು ಸೇರಿದಾಗ ವಸಂತ ಶುರುವಾಗಿತ್ತು, ಹೊಲದ ನಡುವೆ ಕಾಗೆ ಬೋನು ಇಟ್ಟಿದ್ದರು. ತಂತಿಬಲೆಯ ದೊಡ್ಡ ಪಂಜರ. ಮೇಲಿಂದ ಇಳಿದ ಕಾಗೆ ಹೊರಗೆ ಬರಲಾರದು. ಮೊಟ್ಟೆಯಿಡುವ ಕಾಲದಲ್ಲಿ ಕಾಗೆ ಕಡಿಮೆ ಮಾಡದಿದ್ದರೆ ನೆಲದ ಮೇಲಿನ ಒಂದು ಗೂಡೂ ಉಳಿಯುವುದಿಲ್ಲ ಎಂದು ರೂನೆ ಹೇಳಿದರು. ಅದು ನನಗೂ ಗೊತ್ತಿದ್ದದ್ದೇ. ಆದರೆ ಅವರು ಬೋನಿನ ಹತ್ತಿರ ಹೋದಾಗಲೆಲ್ಲ ನಾನು ಮುಖ ತಿರುಗಿಸುತ್ತಿದ್ದೆ. ಅದನ್ನವರು ಗಮನಿಸಿದ್ದರೆಂದು ಆಗ ತಿಳಿಯಲಿಲ್ಲ.

ಏಕೆ ಮುಖ ತಿರುಗಿಸುತ್ತಿದ್ದೆ ಎಂದರೆ, ನಿಮ್ಮ ತಾತನ ಹನ್ನೊಂದನೆಯ ದಿನ ನಾನೂ ರಶ್ಮಿಯೂ ಫ್ಲ್ಯಾಟಿನ ಬಾಲ್ಕನಿಯಲ್ಲಿ ಎಡೆ ಇಟ್ಟಿದ್ದೆವು. ಸತ್ತವರ ಪಾಲಿನ ಅನ್ನವನ್ನು ಕಾಗೆ ಮುಟ್ಟಿದರೆ ಅವರಿಗೆ ತೃಪ್ತಿಯಾಯಿತು ಎಂದು ನಮ್ಮಲ್ಲಿ ನಂಬಿಕೆ. ಅವತ್ತು ಹಿಮ ಬೀಳುತ್ತಿತ್ತು. ಒಂದು ಕಾಗೆಯೂ ಬರಲಿಲ್ಲ. ಅನ್ನ ಕಲ್ಲಾಯಿತು. ಅವರಿಗೆ ಏನು ಬಾಕಿ ಉಳಿಯಿತೋ ಎಂಬ ಯೋಚನೆ ನನ್ನನ್ನು ಬಿಡಲಿಲ್ಲ.

ಜಮೀನಿಗೆ ಬಂದ ವರ್ಷದ ಪಿತೃಪಕ್ಷದಲ್ಲಿ ನಾನು ಅನ್ನ, ಬೇಳೆ, ಒಂದಿಷ್ಟು ಪಾಯಸ ಕಟ್ಟಿಕೊಂಡು ಹೋಗಿ, ಆವರಣದ ಆಚೆ ಕಡಿದು ಉಳಿದಿದ್ದ ಬರ್ಚ್ ಮರದ ಬುಡದ ಮೇಲೆ ಇಟ್ಟೆ. ಇಲ್ಲಿಯ ಕಾಗೆಗೆ ಕತ್ತಷ್ಟೇ ಅಲ್ಲ, ಬೆನ್ನು ಹೊಟ್ಟೆಯೂ ಬೂದು ಬಣ್ಣ. ನಾನು ಹತ್ತು ಹೆಜ್ಜೆ ಹಿಂದೆ ಸರಿಯುವುದರೊಳಗೆ ಒಂದು ಇಳಿದು ಅನ್ನಕ್ಕೆ ಬಾಯಿ ಹಾಕಿತು. ಅಲ್ಲೇ ಕೂತು ಅತ್ತೆ. ಆಮೇಲೆ ಪ್ರತಿ ಅಮಾವಾಸ್ಯೆಗೂ ಇಟ್ಟೆ. ಚಳಿ ಹೆಚ್ಚಾದಂತೆ ವಾರಕ್ಕೊಮ್ಮೆ ಇಟ್ಟೆ. ಮೊಟ್ಟೆಯ ಕಾಲ ಇನ್ನೂ ದೂರವಿತ್ತು. ಆಗಿನ ಅನ್ನಕ್ಕೂ ಮುಂದಿನ ಮೊಟ್ಟೆಗೂ ಸಂಬಂಧವಿದೆ ಎಂದು ನನಗೆ ಹೊಳೆಯಲಿಲ್ಲ.

ಕ್ರಿಸ್‌ಮಸ್ ರಜಕ್ಕೆ ರಶ್ಮಿ ಬಂದಾಗ ರೂನೆ ನಮ್ಮಿಬ್ಬರನ್ನೂ ಫಿಕಾಗೆ, ಅಂದರೆ ಕಾಫಿ ತಿಂಡಿಗೆ, ಕರೆದರು. ನಾನು ಕಪ್ಪು ತೊಳೆಯಲು ಎದ್ದಾಗ ಅವರು ಅವಳನ್ನು ಏನೋ ಕೇಳಿದರು. ವಾಪಸು ಬಸ್ಸಿನಲ್ಲಿ ವಿಚಾರಿಸಿದೆ.

"ಏನಂತೆ?"

"ಏನಿಲ್ಲ ಅಮ್ಮ, ನೀನು ಕಾಗೆಗೆ ಯಾಕೆ ಊಟ ಹಾಕ್ತೀಯ ಅಂತ ಕೇಳಿದ್ರು. ಎಕ್ಸ್‌ಪ್ಲೇನ್ ಮಾಡ್ದೆ."

"ಏನಂತ ಹೇಳ್ದೆ?"

"ಅಪ್ಪನಿಗೋಸ್ಕರ ಅಂತ. ಕಾಗೆ ರೂಪದಲ್ಲಿ ಬರ್ತಾರೆ ಅಂತ ನಮ್ಮ ಕಡೆ ಬಿಲೀಫ್ ಅಂತ. ಇನ್ನೇನು ಹೇಳ್ಲಿ? ಅಷ್ಟಕ್ಕೇ ಸ್ವೀಡಿಷ್‌ನಲ್ಲಿ ಒದ್ದಾಡ್ಬಿಟ್ಟೆ."

"ಅದಕ್ಕೇನಂದ್ರು?"

"ಇನ್ನೊಂದು ಬನ್ ತಗೋ ಅಂದ್ರು."

ನನಗೆ ನಾಚಿಕೆಯಾಯಿತು. ಮರುದಿನ ಕೆಲಸಕ್ಕೆ ಹೋದಾಗ ಅವರೂ ಆ ಮಾತೆತ್ತಲಿಲ್ಲ, ನಾನೂ ಎತ್ತಲಿಲ್ಲ. ಅವತ್ತು ಎತ್ತಿದ್ದರೆ ಎಂದು ಈಗಲೂ ಅಂದುಕೊಳ್ಳುತ್ತೇನೆ.

ಆ ಚಳಿಗಾಲ ಹಕ್ಕಿಗಳು ಚೆನ್ನಾಗಿಯೇ ಉಳಿದವು. ಹಿಮದ ಮೇಲೆ ಅವುಗಳ ಮೂರು ಬೆರಳಿನ ಹೆಜ್ಜೆ ಸಾಲುಸಾಲಾಗಿ ಕಾಣುತ್ತಿತ್ತು. ಕತ್ತಲಾಗುವಾಗ ಅವು ಸ್ಪ್ರೂಸ್ ಮರಗಳಿಗೆ ಹಾರಿ ಕೂರುವುದನ್ನು ಕಲಿತಿದ್ದವು. ಹಿಮ ಕರಗಿದ ಮೇಲೆ ಒಂದು ಬೆಳಿಗ್ಗೆ ಹುಂಜ ಕೂಗಿ ರೆಕ್ಕೆ ಬಡಿಯಿತು. ರೂನೆ ಕೈಯಲ್ಲಿದ್ದ ಬಕೆಟ್ ಕೆಳಗಿಟ್ಟು ಟೋಪಿ ತೆಗೆದು ನಿಂತರು. "ಇಷ್ಟು ಹೇಂಟೆಗಳು ವಸಂತದವರೆಗೆ ಉಳಿದದ್ದು ಇದೇ ಮೊದಲು, ಜಯಾ," ಎಂದರು.

ಕಾಗೆ ಬೋನು ಮಾತ್ರ ಕೊಟ್ಟಿಗೆಯ ಹಿಂದೆ ಮಗುಚಿ ಬಿದ್ದಿತ್ತು. ತಂತಿಯೊಳಗಿಂದ ತುರಿಕೆ ಗಿಡ ಬೆಳೆಯತೊಡಗಿತ್ತು. ನಾನು ದಿನವೂ ಅದರ ಪಕ್ಕದಲ್ಲೇ ಓಡಾಡುತ್ತಿದ್ದೆ. ಮಂಡಿನೋವಿಗೆ ಅವರಿಂದ ಎತ್ತಲಾಗಿಲ್ಲವೇನೋ, ಅಥವಾ ಸೋದರಳಿಯ ಬಂದು ಇಡುತ್ತಾನೇನೋ ಎಂದುಕೊಂಡೆ. ಯಜಮಾನರ ಕೆಲಸವನ್ನು ನಾನು ಕೇಳುವುದೇ?

ಮೇ ತಿಂಗಳಲ್ಲಿ ರೂನೆ ಬದುವಿನ ಹುಲ್ಲಿನಲ್ಲಿ ಮೊದಲ ಗೂಡು ತೋರಿಸಿದರು. ನೆಲದಲ್ಲಿ ಅಂಗೈಯಷ್ಟು ತಗ್ಗು, ಅದರಲ್ಲಿ ಆಲಿವ್ ಬಣ್ಣದ ಮೊಟ್ಟೆಗಳು. ಮುಂದಿನ ವಾರ ಅದರಲ್ಲಿ ತೂತುಬಿದ್ದ ಚಿಪ್ಪುಗಳಿದ್ದವು. ಇನ್ನೊಂದು ಗೂಡಿಗೂ ಹಾಗೆಯೇ ಆಯಿತು. ಮೂರನೆಯದು ಸಿಕ್ಕಿದಾಗ ಆಗಲೇ ಖಾಲಿ. ರೂನೆ ಪ್ರತಿ ಸಲವೂ ಒಂದು ಚಿಪ್ಪನ್ನು ಎತ್ತಿ ತಿರುಗಿಸಿ ನೋಡಿ, ಮೆಲ್ಲಗೆ ಅಲ್ಲೇ ಇಡುತ್ತಿದ್ದರು.

ಒಂದು ಅಮಾವಾಸ್ಯೆ ನಾನು ಎಡೆ ತೆಗೆದುಕೊಂಡು ಹೋದಾಗ ಬರ್ಚ್ ಬುಡದ ಮೇಲೆ ಆಗಲೇ ಒಂದು ಕಾಗೆ ಕೂತಿತ್ತು. ಅದರ ಕಾಲಡಿ ಫಸಾನಿನ ಮೊಟ್ಟೆ ಇತ್ತು. ನನ್ನನ್ನು ಕಂಡು ಅದು ಹೆದರಲಿಲ್ಲ, ದಿನವೂ ನೋಡುವವಳು. ಎಡೆ ಇಟ್ಟು ರೂಢಿಯಾದ ಆ ಹಲಗೆಯಂಥ ಬುಡದ ಮೇಲೆಯೇ ಮೊಟ್ಟೆಯನ್ನು ಕುಕ್ಕಿ ತಿಂದಿತು. ಸುತ್ತ ಹಳೆಯ ಚಿಪ್ಪುಗಳೂ ಬಿದ್ದಿದ್ದವು. ತಲೆಯೆತ್ತಿ ನೋಡಿದರೆ ಪೈನ್ ಮರದ ಮೇಲೆ ಅವುಗಳ ಗೂಡುಗಳು. ನಾನಿಟ್ಟ ಅನ್ನದ ಸುತ್ತ ಅವು ಸಂಸಾರ ಹೂಡಿದ್ದವು.

ಡಬ್ಬಿಯನ್ನು ಹಾಗೇ ಹಿಡಿದುಕೊಂಡು ರೂನೆಯ ಬಳಿ ಹೋಗಿ ನಿಂತೆ.

"ಬೋನು ಇಡಿ," ಎಂದೆ. ಅವರಿಗೆ ನಾನಾಗಿ ಹೇಳಿದ ಮೊದಲ ಮಾತು ಅದೇ ಇರಬೇಕು.

ಅವರು ಡ್ರಮ್ಮಿನ ಮುಚ್ಚಳ ಹಾಕಿ ಹೇಳಿದರು: "ಹೇಗೆ ಇಡಲಿ? ಅವುಗಳಲ್ಲಿ ನಿನ್ನ ಗಂಡ ಯಾವುದು ಅಂತ ನನಗೆ ಗೊತ್ತಿಲ್ಲವಲ್ಲ."

ಆಗ ಎಲ್ಲವೂ ಅರ್ಥವಾಯಿತು. ನನಗೆ ಬರುವ ಸ್ವೀಡಿಷ್‌ನಲ್ಲಿ ತಡವರಿಸುತ್ತ ಹೇಳಿದೆ: ಕಾಗೆ ನನ್ನ ಗಂಡನಲ್ಲ. ಕಾಗೆ ತಿಂದರೆ ಅವರಿಗೆ ಮುಟ್ಟುತ್ತದೆ, ಅಷ್ಟೇ. ಯಾವ ಊರಿನ, ಯಾವ ಕಾಗೆಯಾದರೂ ಸರಿ. ಕಾಗೆಯೇ ಬರದಿದ್ದರೆ ನಮ್ಮೂರಲ್ಲಿ ಹಸುವಿಗೆ ಕೊಡುತ್ತಾರೆ.

"ಹಸು ಆದರೂ ಆಗುತ್ತಿತ್ತಾ?" ಎಂದು ಕೇಳಿದರು.

"ಆಗುತ್ತಿತ್ತು."

ಇಬ್ಬರೂ ಬೇಲಿಯಾಚೆ ನೋಡಿದೆವು. ಸೋದರಳಿಯನ ಹಸುಗಳು ಮೇಯುತ್ತಿದ್ದವು.

"ಅಲ್ಲೇ ಇದ್ದವಲ್ಲ," ಎಂದರು ರೂನೆ.

"ಇದ್ದವು," ಎಂದೆ.

ಅವರು ನಕ್ಕರು. ನನಗೆ ನಗಲಾಗಲಿಲ್ಲ. ಇಬ್ಬರೂ ಸೇರಿ ತುರಿಕೆ ಗಿಡ ಕಿತ್ತು ಬೋನನ್ನು ಹೊಲಕ್ಕೆ ಎಳೆದೆವು. ನಾನು ಈ ಸಲ ಮುಖ ತಿರುಗಿಸಲಿಲ್ಲ. ಆದರೆ ಹೊತ್ತು ಮೀರಿತ್ತು. ಒಂದು ಹೇಂಟೆ ಎರಡನೇ ಸಲ ಮೊಟ್ಟೆಯಿಟ್ಟು ಕಾಲುವೆಯ ಪಕ್ಕ ಕಾವಿಗೆ ಕೂತಿತು. ನಾವು ದೂರದಿಂದಲೇ ನೋಡಿ ಬರುತ್ತಿದ್ದೆವು. ಮರಿ ಒಡೆಯುವ ಹೊತ್ತಿಗೆ ಬಿಡದೆ ಮಳೆ ಹೊಡೆಯಿತು. ಮಳೆ ನಿಂತ ಮೇಲೆ ತಾಯಿ ಒಂದೇ ತಿರುಗುತ್ತಿತ್ತು.

ಶರತ್ಕಾಲದಲ್ಲಿ ಸೋದರಳಿಯ ಬಲೆ ಸುತ್ತಿಟ್ಟ. ರೂನೆ ಓರೆಬ್ರೂವಿನಲ್ಲಿ ಒಂದು ಫ್ಲ್ಯಾಟಿಗೆ ಬಂದರು. ನಾನೂ ರಶ್ಮಿಯೂ ಅಲ್ಲಿಗೆ ಹೋಗುತ್ತಿದ್ದೆವು. "ಕಾಗೆ ಇಲ್ಲದಿದ್ದರೂ ಮಳೆ ಇತ್ತು, ನರಿ ಇತ್ತು," ಎಂದು ನನಗೆ ಸಮಾಧಾನ ಹೇಳುತ್ತಿದ್ದರು. ಇದ್ದರೂ ಇರಬಹುದು. ಆದರೆ ಮೊದಲ ಗೂಡುಗಳ ಕಾಲಕ್ಕೆ ಬಿಸಿಲಿತ್ತು, ಅದು ನನಗೂ ನೆನಪಿದೆ, ಅವರಿಗೂ ನೆನಪಿತ್ತು. ಸಿರಿಗೆ ಒಂದು ವರ್ಷ ತುಂಬುವ ಮೊದಲೇ ಅವರು ಹೋದರು. ಆ ಮರಿಗಳ ಸಾಲನ್ನು ಅವರು ನೋಡಲೇ ಇಲ್ಲ.

ಆ ಕೆಲಸ ನನಗೆ ಒಂದು ಮಾತು ಕಲಿಸಿತು. ಪ್ರತಿ ವರ್ಷ ಬಳಸುವ ವಸ್ತುವನ್ನು ಒಬ್ಬರು ಏಕಾಏಕಿ ಮೂಲೆಗೆ ಹಾಕಿದ್ದರೆ, ಏಕೆ ಎಂದು ಕೇಳಬೇಕು. ನಾಚಿಕೆಯಾದರೂ, ಭಾಷೆ ಬರದಿದ್ದರೂ ಕೇಳಬೇಕು. ಅವರು ನಮಗಾಗಿ ಏನನ್ನೋ ಬಿಟ್ಟುಕೊಡುತ್ತಿರಬಹುದು, ಅದು ನಮಗೆ ಬೇಕಿಲ್ಲದೆಯೂ ಇರಬಹುದು. ನೀವಿಬ್ಬರೂ ನನ್ನಂತೆ ಸುಮ್ಮನಿರುವ ಮಕ್ಕಳಲ್ಲ. ಹಾಗೇ ಇರಿ.

ಹಸುವಿನ ಹತ್ತಿರ ಹೋದಾಗ ನಾನು ಎರಡು ಕ್ಯಾರೆಟ್ ಬೇರೆ ಇಟ್ಟುಕೊಂಡಿರುತ್ತೇನಲ್ಲ, ಅವು ರೂನೆಯವರಿಗೆ. ನನ್ನ ಕಾಲದ ನಂತರ ನನ್ನದೂ ಸೇರಿಸಿಕೊಳ್ಳಿ. ಈ ಹಾಳೆಗಳನ್ನು ನೀರು ತಾಗದ ಕಡೆ ಜೋಪಾನವಾಗಿ ಇಡಿ. ಒಂದು ದಿನ ಕನ್ನಡ ಅಕ್ಷರ ಕೂಡಿಸಿಕೊಂಡು ನೀವೇ ಓದಬಲ್ಲಿರಿ, ಅಲ್ಲಿಯವರೆಗೆ ಕಳೆಯಬೇಡಿ.