ಕೊಳವೆಗೆ ಹಾಕಿದ ಹಾರ

ಕಂಪ್ಯೂಟರಿನ ಕಬ್ಬಿಣದ ಪೆಟ್ಟಿಗೆಗೆ ಅಂಟಿದ ಕೈಯನ್ನು ನನ್ನ ಗಂಡನಿಗೆ ಬಿಡಿಸಿಕೊಳ್ಳಲಾಗಲಿಲ್ಲ. ಹಳೇಬೀಡಿನ ನಮ್ಮ ಮನೆಯ ಮುಂದಿನ ಕೋಣೆಯೇ ಅವರ ಸ್ಟುಡಿಯೋ. ಮದುವೆ ವಿಡಿಯೋ ಎಡಿಟ್ ಮಾಡುವಾಗ ಪ್ರೊಸೆಸರ್ ಕಾಯುತ್ತದೆಂದು, ಫ್ಯಾನಿನ ಸದ್ದು ಬೇಡವೆಂದು, ಕೊಳವೆಯಲ್ಲಿ ದ್ರವ ಹರಿಯುವ ಲಿಕ್ವಿಡ್ ಕೂಲರನ್ನೇ ಆರಿಸಿದ್ದರು. ಆಯುಧಪೂಜೆಗೆ ಆ ಕೊಳವೆಗೇ ಚೆಂಡುಹೂವಿನ ಹಾರ ಇಳಿಬಿಟ್ಟಿದ್ದರು. ಮರುದಿನ ಹಾರದ ಭಾರಕ್ಕೆ ಜಾಯಿಂಟ್ ಸಡಿಲವಾಗಿ, ಕೆಳಗಿನ ಪವರ್ ಸಪ್ಲೈ ಮೇಲೆ ದ್ರವ ತೊಟ್ಟಿಕ್ಕುತ್ತಿತ್ತು.

“ರೀ, ಮೊದ್ಲು ಸ್ವಿಚ್ ಆಫ್ ಮಾಡಿ,” ಎಂದೆ.

“ಇರೇ, ಸೇವ್ ಆಗಿಲ್ಲ. ಧಾರೆ ಸೀನೆಲ್ಲ ಹೋಗ್ಬಿಡ್ತದೆ,” ಎನ್ನುತ್ತಲೇ ಒರೆಸಲು ಕೈ ಹಾಕಿದ್ದರು; ಕರೆಂಟ್ ಹೊಡೆದು ಕೈ ಅಲ್ಲೇ ಕಚ್ಚಿಕೊಂಡಿತ್ತು.

ನಾನು ಓಡಿಹೋಗಿ ಮೇನ್ ಸ್ವಿಚ್ ಇಳಿಸಿದೆ. ಅವರು ಕುಸಿದು ಬಿದ್ದರು. ಉಸಿರಿತ್ತು.

ಈಗ ದಪ್ಪನೆಯ ಫ್ಯಾನ್ ಕೂಲರ್ ಬಂದಿದೆ. ಅದು ಗುಂಯ್‌ಗುಡುತ್ತಿದ್ದರೆ ನಾನು ಒಳಗೆ ಅಡುಗೆ ಮಾಡುತ್ತೇನೆ. ಸದ್ದು ನಿಂತರೆ ಸೌಟು ಬಿಟ್ಟು ಹೋಗಿ ಅವರ ಕೈ ನೋಡುತ್ತೇನೆ.